ನಂದಿನಿಗೆ ಜೈ ಅಂದರಷ್ಟೇ ಸಾಲದು

ಕನ್ನಡದ ತರುಣರೇ,

2023ರ ಏಪ್ರಿಲ್ ನೆನಪಿದೆಯಲ್ಲವೇ? ಬೆಂಗಳೂರಿಗೆ ಹಾಲು, ಮೊಸರು ತರುತ್ತೇವೆ ಎಂದು ಗುಜರಾತಿನ ಅಮುಲ್ ಸಾರಿದ್ದೇ ತಡ, ನಾಡು ಎದ್ದು ಕೂತಿತು. ಬೀದಿಯಲ್ಲಿ ಘೋಷಣೆ ಮೊಳಗಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿ ಹಾಲನ್ನೇ ಬಳಸುತ್ತೇವೆ ಎಂದಿತು. ಅದಕ್ಕೆ ಕೆಲವೇ ದಿನ ಮೊದಲು, ಮೊಸರಿನ ಪ್ಯಾಕೆಟ್ ಮೇಲೆ 'ದಹಿ' ಎಂದು ಅಚ್ಚು ಹಾಕಿಸಲು ಹೊರಟಿದ್ದ ದಿಲ್ಲಿಯ ಆಹಾರ ಸುರಕ್ಷತಾ ಪ್ರಾಧಿಕಾರವೂ ದಕ್ಷಿಣದ ಸಿಟ್ಟಿಗೆ ಮಣಿದು ಆದೇಶ ಬದಲಿಸಿತ್ತು. ಸ್ವಾಭಿಮಾನಕ್ಕೆ ಬಲವಿದೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ಆದರೆ 2025ರ ಜೂನ್‌ನಲ್ಲಿ ಏನಾಯಿತು? ನಮ್ಮ ಮೆಟ್ರೊದ 10 ನಿಲ್ದಾಣಗಳಲ್ಲಿ ಅಮುಲ್ ಮಳಿಗೆಗೆ ಜಾಗ ಸಿಕ್ಕಿತು. ಮತ್ತೆ ಕೂಗು ಎದ್ದಿತು. ಅಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದೇನು? ಟೆಂಡರ್ ಕರೆದಾಗ ಅರ್ಜಿ ಹಾಕಿದ್ದು ಅಮುಲ್ ಒಂದೇ, ಕೆಎಂಎಫ್ ಹಾಕಿರಲೇ ಇಲ್ಲ! ಅಷ್ಟರಲ್ಲಿ ಎರಡು ಮಳಿಗೆ ತೆರೆದಾಗಿತ್ತು. ಉಳಿದ ಎಂಟನ್ನಾದರೂ ಕೆಎಂಎಫ್‌ಗೆ ಕೊಡಿಸಲು ಸರ್ಕಾರವೇ ನಡುವೆ ಬರಬೇಕಾಯಿತು. ನಾವು ಬೀದಿಯಲ್ಲಿ ಗಂಟಲು ಹರಿದುಕೊಳ್ಳುವಾಗ ನಮ್ಮ ಅಧಿಕಾರಿಗಳು ಟೆಂಡರ್ ನೋಟಿಸನ್ನೂ ಓದದೆ ಕೂತಿದ್ದರೆ ಯಾರನ್ನು ಬೈಯುವುದು?

ಈ ಪ್ರಶ್ನೆಯ ಬೆನ್ನಲ್ಲೇ ಒಮ್ಮೆ ತಣ್ಣಗೆ ಲೆಕ್ಕ ಹಾಕೋಣ. ಮಾರುಕಟ್ಟೆಯಲ್ಲಿ ನಂದಿನಿ ನಿಂತಿರುವ ನೆಲ ಎಷ್ಟು ಗಟ್ಟಿ?

ಮೊದಲು ನಮ್ಮ ಬಲ. 1974ರಲ್ಲಿ ಶುರುವಾದ ನಮ್ಮ ಹೈನು ಸಹಕಾರ ಇಂದು ದೇಶದಲ್ಲಿ ಅಮುಲ್ ಬಿಟ್ಟರೆ ಎರಡನೆಯದು. ಹಳ್ಳಿಯ ಡೇರಿ, ಜಿಲ್ಲೆಯ ಒಕ್ಕೂಟ, ಮೇಲೆ ಮಹಾಮಂಡಳ. ಸಂಜೆ ಹಳ್ಳಿಯಲ್ಲಿ ಕರೆದ ಹಾಲನ್ನು ಕೆಡದಂತೆ ಊರಿಂದೂರಿಗೆ ಸಾಗಿಸಿ, ಕೋಳಿ ಕೂಗುವ ಹೊತ್ತಿಗೆ ನಗರದ ಬೂತಿಗೆ ಮುಟ್ಟಿಸುವ ಈ ಸರಪಳಿಯನ್ನು ಹೊರಗಿನವರು ಒಂದೆರಡು ವರ್ಷದಲ್ಲಿ ಕಟ್ಟಲಾರರು. ಎರಡನೆಯ ಬಲ ಬೆಲೆ. 2023ರ ಆ ಗಲಾಟೆಯ ಹೊತ್ತಿಗೆ ನಂದಿನಿಯ ನೀಲಿ ಪ್ಯಾಕೆಟ್ ಹಾಲು ಲೀಟರಿಗೆ 39 ರೂಪಾಯಿ. ಅದೇ ಬಗೆಯ ಅಮುಲ್ ಹಾಲು 50 ರೂಪಾಯಿ ದಾಟಿತ್ತು.

ಆದರೆ ಈ ಅಗ್ಗದ ಬೆಲೆ ಬಂದದ್ದು ಬರೀ ವ್ಯಾಪಾರದ ಜಾಣತನದಿಂದಲ್ಲ. ರೈತರಿಗೆ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ ಮುಂದೆ 5 ರೂಪಾಯಿಗೆ ಏರಿತು. ಅಂದರೆ ನಿಮ್ಮ ಕಾಫಿಯ ಹಾಲು ಅಗ್ಗವಾಗಿರುವುದರ ಹಿಂದೆ ಖಜಾನೆಯ ಹಣವಿದೆ, ಕಡಿಮೆ ದರಕ್ಕೆ ಹಾಲು ಹಾಕುವ ರೈತನ ಬೆವರಿದೆ. ಈ ಅಂತರ ಎಂದೆಂದಿಗೂ ಉಳಿಯುತ್ತದೆಯೇ? 2025ರ ಏಪ್ರಿಲ್ 1ರಂದು ಒಂದೇ ಏಟಿಗೆ ಲೀಟರಿಗೆ 4 ರೂಪಾಯಿ ಏರಿತಲ್ಲ! ಅಗ್ಗ ಎಂಬ ಒಂದೇ ಕಾರಣಕ್ಕೆ ಬಂದ ಗಿರಾಕಿ, ಬೆಲೆ ಸಮವಾದ ದಿನ ಹೊರಟು ಹೋಗುತ್ತಾನೆ.

ಇನ್ನು ನಮ್ಮ ದೌರ್ಬಲ್ಯ. 2024ರ ಜೂನ್‌ನಲ್ಲಿ ಕೆಎಂಎಫ್‌ನ ದಿನದ ಹಾಲು ಸಂಗ್ರಹ 1 ಕೋಟಿ ಲೀಟರ್ ಮುಟ್ಟಿತು. ಹೆಮ್ಮೆಯ ಮಾತೇ. ಆದರೆ ಅಷ್ಟೂ ಹಾಲು ಪ್ಯಾಕೆಟ್ ಆಗಿ ಮಾರಾಟವಾಗುವುದಿಲ್ಲ. ಮಿಕ್ಕ ಹಾಲಿನಲ್ಲಿ ಬಹುಪಾಲು ಪುಡಿಯಾಗುತ್ತದೆ, ಬೆಣ್ಣೆಯಾಗುತ್ತದೆ. ಪುಡಿಯ ಪೇಟೆ ಕುಸಿದರೆ ಒಕ್ಕೂಟಕ್ಕೆ ನಷ್ಟ, ಕೊನೆಗೆ ಕೊರತೆ ಬೀಳುವುದು ರೈತನ ಕೈಗೆ. ಇದಕ್ಕೆ ಮದ್ದು ಏನು? ಅದೇ ಹಾಲು ಪನೀರ್, ಚೀಸ್, ಐಸ್‌ಕ್ರೀಮ್, ಒಳ್ಳೆಯ ಮೊಸರು ಆಗಿ ಹೆಚ್ಚು ಬೆಲೆಗೆ ಹೋಗಬೇಕು. ನಂದಿನಿ ತುಪ್ಪ, ಪೇಡ, ಮೈಸೂರು ಪಾಕಿಗೆ ಹೆಸರಿದೆ, ನಿಜ. ಆದರೆ ನಿಮ್ಮ ಬೀದಿಯ ಅಂಗಡಿಯ ಫ್ರಿಜ್ ತೆಗೆದು ನೋಡಿ. ಬೆಣ್ಣೆ ಯಾರದು? ಚೀಸ್ ಯಾರದು? ನಂದಿನಿ ಹಾಲು ಕಾಯಿಸಿ, ಅಮುಲ್ ಬೆಣ್ಣೆ ಬ್ರೆಡ್ಡಿಗೆ ಸವರಿ, ಮೊಬೈಲಿನಲ್ಲಿ ನಂದಿನಿ ಉಳಿಸಿ ಎಂದು ಬರೆದವರು ನಮ್ಮಲ್ಲಿ ಎಷ್ಟು ಮಂದಿ?

ಇನ್ನೊಂದು ಮಾತು ಗಮನಿಸಿ. 2023ರಲ್ಲಿ ಅಮುಲ್ ಬರುತ್ತೇನೆಂದದ್ದು ಬೂತಿನ ದಾರಿಯಲ್ಲಲ್ಲ, ಆನ್‌ಲೈನ್ ದಾರಿಯಲ್ಲಿ. ಬೆಳಗ್ಗೆ ಐದಕ್ಕೆ ಚೀಲ ಹಿಡಿದು ಬೂತಿನ ಮುಂದೆ ನಿಲ್ಲುವ ಅಜ್ಜ ಅವರ ಗುರಿಯಲ್ಲ. ಹಾಸಿಗೆಯಲ್ಲೇ ಫೋನ್ ಒತ್ತುವ ನೀವು ಅವರ ಗುರಿ. ಬೂತಿನಲ್ಲಿ ಗೆದ್ದ ನಂದಿನಿ ಫೋನಿನಲ್ಲಿ ಸೋತರೆ, ಮುಂದಿನ ತಲೆಮಾರಿನ ಮನೆಗಳನ್ನೇ ಸೋತಂತೆ.

ಹಾಗೆಂದು ಬೇಲಿ ಹಾಕಿ ಎನ್ನುವುದೂ ಸುಲಭವಲ್ಲ. ಕೇರಳದಲ್ಲಿ ನಂದಿನಿ ಮಳಿಗೆ ತೆರೆದಾಗ ಅಲ್ಲಿನ ಮಿಲ್ಮಾ ಸಂಸ್ಥೆ, ನಾವು ಅಮುಲ್‌ಗೆ ಹೇಳಿದ ಮಾತನ್ನೇ ನಮಗೆ ಹೇಳಿತು. 2024ರ ನವೆಂಬರ್‌ನಲ್ಲಿ ನಮ್ಮ ಹಾಲು ದಿಲ್ಲಿಗೂ ಹೋಯಿತು. ಹೊರಗೆ ಮಾರಲು ಹೊರಟವರು ಒಳಗೆ ಗುಣಮಟ್ಟದಿಂದಲೇ ಗೆಲ್ಲಬೇಕು.

ಆದ್ದರಿಂದ ಕೆಎಂಎಫ್‌ಗೆ ನಮ್ಮ ಒತ್ತಾಯ ಮೂರು. ಮೆಟ್ರೊ, ರೈಲು, ಬಸ್ ನಿಲ್ದಾಣದ ಯಾವ ಟೆಂಡರೂ ಇನ್ನು ಕೈತಪ್ಪಕೂಡದು. ಹಾಲಿನಷ್ಟೇ ಸುಲಭವಾಗಿ ಬೆಣ್ಣೆ, ಚೀಸ್, ಐಸ್‌ಕ್ರೀಮ್ ಪ್ರತಿ ಬಡಾವಣೆಯಲ್ಲೂ ಸಿಗಬೇಕು. ಬೆಲೆ ಏರಿಸಿದಾಗ ಅದರಲ್ಲಿ ರೈತನಿಗೆ ಎಷ್ಟು ಹೋಯಿತು ಎಂದು ಜನರಿಗೆ ಲೆಕ್ಕ ಕೊಡಬೇಕು. 2024ರ ಟಿ-20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ಹೆಸರು ಮೆರೆಸಿದವರಿಗೆ ಮಲ್ಲೇಶ್ವರದ ಅಂಗಡಿಯ ಫ್ರಿಜ್ ಕಾಣದೇ?

ತರುಣರಿಗೂ ಒಂದು ಕೆಲಸ ಇದೆ. ಅಂಗಡಿಯಲ್ಲಿ ಕನ್ನಡದಲ್ಲೇ ಕೇಳಿ: "ನಂದಿನಿ ಬೆಣ್ಣೆ ಇದೆಯಾ?" ಇಲ್ಲ ಎಂದರೆ ನಾಳೆ ಮತ್ತೆ ಹೋಗಿ ಕೇಳಿ. ಮೊಸರು ಹುಳಿಯಾಗಿದ್ದರೆ ಅಭಿಮಾನದ ಹೆಸರಲ್ಲಿ ನುಂಗಿಕೊಳ್ಳಬೇಡಿ, ದೂರು ಕೊಡಿ. ಮೆರವಣಿಗೆ ವರ್ಷಕ್ಕೊಮ್ಮೆ ಬರುತ್ತದೆ, ಅಂಗಡಿಗೆ ನೀವು ದಿನಾ ಹೋಗುತ್ತೀರಿ. ಹಳ್ಳಿಯ ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತ ತಾಯಿಗೆ ಬೇಕಾದದ್ದು ನಿಮ್ಮ ಆ ದಿನದ ವ್ಯಾಪಾರ.