ಗೋಡೆಗೂ ಉಸಿರಿದೆ ಸ್ವಾಮಿ

ಊರಿನ ಹಳೇ ಮನೆ ಹಾಳಾಗ್ತಿದೆ ಅಂದ ತಕ್ಷಣ ಬೆಂಗಳೂರಲ್ಲಿ ಕೂತ ನಾವು ಮಾಡೋದು ಒಂದೇ: ಮೇಸ್ತ್ರಿಗೆ ದುಡ್ಡು ಕಳಿಸಿ 'ಸಿಮೆಂಟ್ ಹೊಡೆದುಬಿಡಿ' ಅನ್ನೋದು. ನಾನೂ ಅದನ್ನೇ ಮಾಡಿದೆ. ಹೊಸ ಅಗ್ರಹಾರದ ನಮ್ಮ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಪೇಂಟು. ಒಂದೇ ಮಳೆಗಾಲ. ಗಿಲಾವು ಹಪ್ಪಳದ ಹಾಗೆ ಉಬ್ಬಿ ಬಿತ್ತು. ಹಿಂದಿನ ಮಣ್ಣು ಮುಟ್ಟಿದರೆ ಹಸಿ ಹಿಟ್ಟು. ದೊಡ್ಡಪ್ಪ ನೋಡಿ, "ಏನ್ಲಾ, ಗೋಡೆ ಉಸ್ರು ಕಟ್ಟುಸ್ಬುಟ್ಯಲ್ಲ" ಅಂದರು.

ಅವರು ಹೇಳಿದ್ದೇ ಸರಿ. ನೆಲದ ತೇವ ಗೋಡೆಗೆ ಏರುತ್ತೆ. ಮಣ್ಣು, ಸುಣ್ಣ ಅದನ್ನು ಗಾಳಿಗೆ ಬಿಟ್ಟುಕೊಡುತ್ತವೆ. ಸಿಮೆಂಟ್ ಒಳಗೇ ಕೂಡಿಹಾಕುತ್ತೆ. ನಾಲೆ, ಗದ್ದೆಗಳ ನಮ್ಮ ಸೀಮೆಯಲ್ಲಂತೂ ತೇವಕ್ಕೆ ಬರವಿಲ್ಲ. ಸುಣ್ಣ ಗಟ್ಟಿಯಲ್ಲ ಅನ್ನೋರಿಗೆ ಒಂದು ಮಾತು: 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರೋದು ಸುಣ್ಣ-ಸುರ್ಕಿ ಗಾರೆಯಲ್ಲಿ.

ಅಜ್ಜಿ ಇಂಜಿನಿಯರಿಂಗ್ ಓದಿರಲಿಲ್ಲ. ಹಬ್ಬಕ್ಕೆ ಮುಂಚೆ ಬಿರುಕಿಗೆ ಮಣ್ಣು ಮೆತ್ತಿ ಸುಣ್ಣ ಬಳೀತಿದ್ದರು. ಮುಂಗಾರಿಗೆ ಮುಂಚೆ ತಾತ ಹೆಂಚು ಕೈಯಾಡಿಸ್ತಿದ್ದರು. ಒಡೆದದ್ದು ತೆಗಿ, ಒಳ್ಳೇದು ಹಾಕು, ಅಷ್ಟೇ. ಬಿಇ ಮಾಡಿದ ನಾನು ಇದನ್ನೇ ಆಫೀಸಲ್ಲಿ 'ಮೇಂಟೆನೆನ್ಸ್' ಅಂತ ಮಾಡಿ ಸಂಬಳ ಎಣಿಸ್ತೀನಿ. ಒಂದು ಬಗ್ ಬಂತು ಅಂತ ಯಾರೂ ಇಡೀ ಕೋಡ್ ಅಳಿಸಲ್ಲ. ಮನೆಗೆ ಮಾತ್ರ ಯಾಕೆ 'ಕೆಡವಿ ಆರ್‌ಸಿಸಿ ಹಾಕ್ಸಿ'?

ಕರೆಂಟು, ಗೆದ್ದಲು ತಿಂದ ತೊಲೆ, ಇವಕ್ಕೆ ಬಲ್ಲವರನ್ನೇ ಕರೀರಿ. ಉಳಿದದ್ದಕ್ಕೆ ನಿಮ್ಮ ಕೈ ಕೊಳೆಯಾಗಲಿ. ದಸರಾ ರಜೆಯಲ್ಲಿ ನಾನು ಸಿಮೆಂಟ್ ಕೆತ್ತಿದೆ. ಮಣ್ಣು ಕಲಸೋದನ್ನ ದೊಡ್ಡಪ್ಪ ಹೇಳಿಕೊಟ್ಟರು. ಅವರಿಗೀಗ 78. ನೀವು ಯಾರನ್ನು ಕೇಳ್ತೀರ? ಯಾವಾಗ?