ಬೇಕರಿ ಮುಚ್ಚಿತು, ನನ್ನ ಬಾಕಿ ಯಾರು ಕೊಡಬೇಕು?

ಮಯ್ಯಿತ್ ನಮಾಜಿಗೆ ಮೊದಲು ಮನೆಯವರೊಬ್ಬರು ಎದ್ದು ನಿಂತು, ತೀರಿಕೊಂಡವರಿಂದ ಯಾರಿಗಾದರೂ ಹಣ ಬರುವುದಿದ್ದರೆ ನಮ್ಮನ್ನು ಕಾಣಿ ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಸತ್ತವರ ಕಡದ ಬಗ್ಗೆ ಇಷ್ಟು ಹೆದರುವ ನಾವು, ಮುಚ್ಚಿದ ಅಂಗಡಿಯ ಕಡವನ್ನು ಮಾತ್ರ ಯಾರದೂ ಅಲ್ಲ ಎಂಬಂತೆ ಬಿಟ್ಟುಬಿಡುತ್ತೇವೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಉಪ್ಪಳ, ಕುಂಬಳೆ ಕಡೆಯ ಬೇಕರಿಗಳ ಓವನ್, ಫ್ರೀಜರುಗಳನ್ನು ವರ್ಷಕ್ಕೆ ಇಷ್ಟು ಎಂದು ಮಾತಾಡಿ ನೋಡಿಕೊಳ್ಳುತ್ತೇನೆ. ಮೂವರು ಪಾಲಿಗೆ ಹಾಕಿ ತೆರೆದ ಒಂದು ಬೇಕರಿ ಎರಡನೇ ವರ್ಷಕ್ಕೆ ಮುಚ್ಚಿತು. ನನಗೆ 62,000 ರೂಪಾಯಿ ಬರಬೇಕಿತ್ತು. ಗಲ್ಲೆಯಲ್ಲಿ ಕೂರುತ್ತಿದ್ದವನು ಫೋನ್ ಎತ್ತಲಿಲ್ಲ. ಇನ್ನೊಬ್ಬ, ತಾನು ಆರು ತಿಂಗಳ ಹಿಂದೆಯೇ ಬಿಟ್ಟಿದ್ದೇನೆ ಎಂದ. ಮೂರನೆಯವರು ಶಾರ್ಜಾದಲ್ಲಿರುವ ಒಬ್ಬ ಕಾಕ, ನಮ್ಮ ಮನೆಗೆ ಬೇಕಾದವರು. "ಮೋನೇ, ನಾನು ದುಡ್ಡು ಹಾಕಿದ್ದು ಮಾತ್ರ. ಆ ಐದು ಲಕ್ಷವೂ ಹೋಯಿತು. ನನ್ನನ್ನು ಯಾಕೆ ಕೇಳ್ತೀ?" ಎಂದರು.

ವಕೀಲರನ್ನು ಕಂಡು ಮೂವರಿಗೂ ನೋಟಿಸು ಕಳಿಸಿದೆ. ದುಡ್ಡು ಕಳಕೊಂಡವರನ್ನೇ ಹಿಡಿದ ಎಂದು ಊರಲ್ಲಿ ಮಾತಾಯಿತು. ಮೂವತ್ತು ವರ್ಷ ದಿನಸಿ ಅಂಗಡಿಯಲ್ಲಿ ಕಡ ಕೊಟ್ಟು ಕೈಸುಟ್ಟುಕೊಂಡ ನನ್ನ ಉಪ್ಪ ಕೂಡ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ನಾನು ಮಾಡಿದ್ದು ತಪ್ಪು ಎಂದು ನನಗೆ ಈಗಲೂ ಅನಿಸುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಪಾಲುದಾರನಾಗಿದ್ದಾಗ ಅಂಗಡಿ ಮಾಡಿದ ಕಡಕ್ಕೆ ಪ್ರತಿಯೊಬ್ಬನೂ ಇತರರ ಜೊತೆಗೂ ಹೊಣೆ, ಒಬ್ಬನೇ ಆಗಿಯೂ ಹೊಣೆ. ಗಲ್ಲೆಯಲ್ಲಿ ಕೂತವನು, ಗಲ್ಫಿನಲ್ಲಿ ಕೂತವನು ಎಂಬ ಭೇದ ಅಲ್ಲಿಲ್ಲ. ಹಾಕಿದ ಐದು ಲಕ್ಷಕ್ಕೆ ಹೊಣೆ ಮುಗಿಯುವುದೂ ಇಲ್ಲ. ಊರಿನ ಮನೆ, ಹಿತ್ತಿಲಿನವರೆಗೂ ಬರಬಹುದು. ನಮ್ಮಲ್ಲಿ 'ಸ್ಲೀಪಿಂಗ್ ಪಾರ್ಟ್‌ನರ್' ಎಂದು ಎಷ್ಟು ಹಗುರವಾಗಿ ಹೇಳುತ್ತಾರೆ! ನಿದ್ದೆ ಅವರದು, ಕಡಕ್ಕೆ ನಿದ್ದೆ ಇಲ್ಲ. ಬೇಕರಿ ಓಡಿದ್ದರೆ ಲಾಭದ ಪಾಲು ಶಾರ್ಜಾಕ್ಕೂ ಹೋಗುತ್ತಿತ್ತಲ್ಲ?

ಬಿಟ್ಟಿದ್ದೇನೆ ಎಂದವನದೂ ಅದೇ ಕಥೆ. ಬಾಯಲ್ಲಿ ಹೇಳಿದರೆ ಸಾಲದು. ಗೆಜೆಟಿನಲ್ಲಿ, ಜಿಲ್ಲೆಯಲ್ಲಿ ಓಡಾಡುವ ಒಂದು ದೇಶಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಅಲ್ಲಿಯವರೆಗೆ, ಅವನನ್ನು ಪಾಲುದಾರ ಎಂದು ತಿಳಿದು ವ್ಯವಹರಿಸಿದ ನನ್ನಂಥವನಿಗೆ ಅವನು ಪಾಲುದಾರನೇ. ರಿಜಿಸ್ಟರ್ ಮಾಡಿಸದಿದ್ದರೆ ಬಚಾವ್ ಎಂದು ತಿಳಿದವರೂ ಇದ್ದಾರೆ. ರಿಜಿಸ್ಟರ್ ಆಗದ ಅಂಗಡಿಗೆ ಒಪ್ಪಂದದ ಬಾಕಿಗಾಗಿ ಬೇರೆಯವರ ಮೇಲೆ ದಾವೆ ಹಾಕಲು ಆಗುವುದಿಲ್ಲ, ಬೇರೆಯವರು ಅದರ ಮೇಲೆ ಹಾಕಬಹುದು.

ಹಾಕಿದಷ್ಟೇ ಹೋಗಲಿ ಎನ್ನುವವರಿಗೆ 2008ರ ಕಾಯ್ದೆಯ ಎಲ್‌ಎಲ್‌ಪಿ ಇದೆ. ಮೋಸ ಮಾಡದಿದ್ದರೆ, ಬೇರೆ ಜಾಮೀನು ಬರೆದುಕೊಡದಿದ್ದರೆ, ಅಂಗಡಿಯ ಕಡ ಮನೆಗೆ ಬರುವುದಿಲ್ಲ. ಲೆಕ್ಕಪತ್ರದ ಖರ್ಚು ಸ್ವಲ್ಪ ಹೆಚ್ಚು. ಆದರೆ ಹದಿನೈದು ದಿನದ ರಜೆಯಲ್ಲಿ ಬಂದು, ಮದುವೆ ಊಟಗಳ ನಡುವೆ ಸ್ಟಾಂಪ್ ಪೇಪರಿಗೆ ಸೈನ್ ಹಾಕಿ ವಿಮಾನ ಹತ್ತುವವರಿಗೆ ಇದನ್ನು ಹೇಳುವವರು ಯಾರು? ಕೇಳಿದರೆ ನಂಬಿಕೆ ಇಲ್ಲವಾ ಎನ್ನುತ್ತಾರೆ. ಸೂರತುಲ್ ಬಖರದ ಅತಿ ಉದ್ದದ ಆಯತ್ ಕಡವನ್ನು ಬರೆದಿಡುವ ಬಗ್ಗೆಯೇ ಇದೆ. ಅದನ್ನು ಓದಿದವರೇ ಹೀಗೆ ಹೇಳುವಾಗ ನಗು ಬರುತ್ತದೆ.

ಕಾಕ ಈಗ ತಿಂಗಳಿಗೆ 5,000 ಕಳಿಸುತ್ತಾರೆ. ಕೊಟ್ಟಿದ್ದರಲ್ಲಿ ಉಳಿದಿಬ್ಬರ ಪಾಲನ್ನು ಅವರಿಂದ ಕೇಳುವ ಹಕ್ಕು ಕಾಕನಿಗಿದೆ. ಮೊನ್ನೆ ನಾಲ್ಕನೇ ಕಂತಿನ ಜೊತೆ ಪಾಲುಪತ್ರದ ಫೋಟೋ ಕಳಿಸಿ, ಏನು ಬರೆದಿದೆ ನೋಡು ಎಂದರು. ಅದು ಮಲಯಾಳದಲ್ಲಿತ್ತು. ಕಾಕ ಕನ್ನಡ ಮೀಡಿಯಂ, ನಾನೂ ಕನ್ನಡ ಮೀಡಿಯಂ. ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಶಾಲೆಯಲ್ಲಿ ಮಲಯಾಳ ಕಲಿಯುತ್ತಿರುವ ಮಗಳಿಂದ ಓದಿಸಿದೆ. ಯಾರು ಎಷ್ಟು ಹಣ ಹಾಕಿದ್ದಾರೋ ಆ ಲೆಕ್ಕದಲ್ಲೇ ನಷ್ಟವನ್ನೂ ಹಂಚಿಕೊಳ್ಳಬೇಕು ಎಂದಿತ್ತು. ಹೆಚ್ಚು ಹಾಕಿದವರು ಕಾಕನೇ. ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಮ್ಮೆ ಓದಿಸು" ಎಂದರು.