ಬಿಂದು ಗುರುತಿಸುವುದು, ಗೆರೆ ಓದುವುದು

ಕಳೆದ ದೀಪಾವಳಿಯ ಸಮಯದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಸಮೀಪದ ಹಳ್ಳಿಯಲ್ಲಿ ಆಕೆ ಅಂಗನವಾಡಿ ಕಾರ್ಯಕರ್ತೆ. ಹತ್ತನೆಯ ತರಗತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಅವಳಷ್ಟು ಅಚ್ಚುಕಟ್ಟಾಗಿ ಬಿಂದು ಗುರುತಿಸುವವರು ಇರಲಿಲ್ಲ. ಆ ಪ್ರಶ್ನೆಗೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ.

"ಸಾರ್, ನೀವು ಕಲಿಸಿದ್ದು ಇಲ್ಲಿ ಉಪಯೋಗಕ್ಕೆ ಬಂತು" ಎನ್ನುತ್ತಾ ಚೀಲದಿಂದ ಮಕ್ಕಳ ಬೆಳವಣಿಗೆ ನಕ್ಷೆಗಳ ಪುಸ್ತಕವನ್ನು ತೆಗೆದಳು. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ತೂಕ. ನಡುವೆ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು. ಒಂದು ಹೆಣ್ಣುಮಗುವಿನ ಪುಟದಲ್ಲಿ ನನ್ನ ಕಣ್ಣು ನಿಂತಿತು. ಎಂಟನೆಯ ತಿಂಗಳಲ್ಲಿ 7.2 ಕಿಲೋ, ಒಂಬತ್ತು, ಹತ್ತನೆಯ ತಿಂಗಳುಗಳಲ್ಲೂ ಅಷ್ಟೇ.

"ಇದು ಏನು ಹೇಳುತ್ತದಮ್ಮಾ?" ಎಂದೆ.

"ಹಸಿರಿನಲ್ಲೇ ಇದೆ ಸಾರ್. ಸಾಮಾನ್ಯ."

ಮೂರು ಬಿಂದುಗಳನ್ನು ಸೇರಿಸಿದ ಗೆರೆ ಮಲಗಿಬಿಟ್ಟಿತ್ತು. ಆರೋಗ್ಯವಂತ ಶಿಶುವಿನ ತೂಕ ಸುಮಾರು ಐದು ತಿಂಗಳಿಗೆ ಹುಟ್ಟಿದಾಗಿನ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕು. ಬೆಳೆಯುವ ಮಗುವಿನ ಗೆರೆ ಏರಲೇಬೇಕು. ಅದನ್ನು ಹೇಳಿದಾಗ ಅವಳು ಬಹಳ ಹೊತ್ತು ಮೌನವಾಗಿದ್ದಳು. "ತರಬೇತಿಯಲ್ಲಿ ಹೇಳಿದ್ದರೇನೋ ಸಾರ್. ಸಭೆಯಲ್ಲಿ ಯಾವ ಬಣ್ಣದಲ್ಲಿ ಎಷ್ಟು ಮಕ್ಕಳು ಎಂದಷ್ಟೇ ಕೇಳುತ್ತಾರೆ" ಎಂದಳು.

ನಾನೂ ಅಷ್ಟೇ ಕೇಳಿದ್ದವನು. ಬಿಂದು ಸರಿಯಾಗಿದೆಯೇ ಎಂದು ನೋಡಿದೆನೇ ಹೊರತು, ಗೆರೆ ಏನು ಹೇಳುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ.

ಇಂಥ ನಕ್ಷೆಯನ್ನು ರೂಢಿಗೆ ತಂದವರಲ್ಲಿ ಪ್ರಮುಖರು ನೈಜೀರಿಯಾದ ಹಳ್ಳಿಗಳಲ್ಲಿ ದುಡಿದ ಮಕ್ಕಳ ವೈದ್ಯ ಡೇವಿಡ್ ಮಾರ್ಲಿ. ಮಗು ಸೊರಗುವ ಮೊದಲೇ ತಾಯಿಗೂ ಕಾರ್ಯಕರ್ತೆಗೂ ಎಚ್ಚರಿಕೆ ಸಿಗಲೆಂಬುದೇ ಅದರ ಉದ್ದೇಶ. ನಮ್ಮಲ್ಲಿ ಅದು ಮೇಲಿನವರಿಗೆ ಲೆಕ್ಕ ಒಪ್ಪಿಸುವ ಸಾಧನವಾಗಿಬಿಟ್ಟಿದೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್‌ನಲ್ಲಿ ತೂಕ, ಎತ್ತರ ನಮೂದಿಸಿದರೆ ಮಗು ಯಾವ ವರ್ಗಕ್ಕೆ ಸೇರುತ್ತದೆಂದು ಮೊಬೈಲೇ ಹೇಳುತ್ತದೆ. ಶ್ರಮ ಉಳಿಯಿತು, ನಿಜ. ಆದರೆ ಯಂತ್ರ ಉತ್ತರ ಹೇಳತೊಡಗಿದಾಗ, ಅದನ್ನು ಅರ್ಥಮಾಡಿಕೊಂಡು ಆ ತಾಯಿಗೆ ತಿಳಿಸಬೇಕಾದವಳ ಕಲಿಕೆ ಹೆಚ್ಚಬೇಕಲ್ಲದೆ ಕಡಿಮೆಯಾಗಬಾರದು.

ಓದುಬರಹ ಬಲ್ಲವರಿಗೆ ಇನ್ನೇನು ಕಲಿಸುವುದು ಎನ್ನುವವರುಂಟು. ಅಂಕಣ ತುಂಬುವುದು ಬೇರೆ, ತುಂಬಿದ್ದನ್ನು ಓದಿಕೊಳ್ಳುವುದು ಬೇರೆ. ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಲೆಕ್ಕವನ್ನು ಬದಿಗಿಟ್ಟು, ಎರಡು ಮೂರು ನಕ್ಷೆಗಳನ್ನು ಎಲ್ಲರೂ ಕೂಡಿ ಓದಲಿ. ಅದು ಕೆಲಸದ ವೇಳೆಯಲ್ಲೇ ಆಗಲಿ; ಅಲ್ಪ ಗೌರವಧನಕ್ಕೆ ದುಡಿಯುವವರ ಮನೆಯ ಹೊತ್ತನ್ನು ಕಸಿಯುವುದು ನ್ಯಾಯವಲ್ಲ. "ನನಗೆ ತಿಳಿಯಲಿಲ್ಲ" ಎಂದವರನ್ನು ಯಾರೂ ಗದರದಿರಲಿ.

ಮರುದಿನ ಅವಳು ಆ ಮಗುವಿನ ಮನೆಗೆ ಹೋದಳಂತೆ. ತಾಯಿ ಕೂಲಿಗೆ ಹೋಗುವಾಗ ಅಜ್ಜಿ ಕುಡಿಸುತ್ತಿದ್ದುದು ಬರೀ ತೆಳು ಗಂಜಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಾನೇ ಜೊತೆಗೆ ಹೋಗಿ ತೋರಿಸಿದಳು. ಎರಡು ತಿಂಗಳ ಬಳಿಕ ಫೋನ್ ಮಾಡಿ, "ಗೆರೆ ಎದ್ದಿದೆ ಸಾರ್" ಎಂದಳು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಇಂದು ಆಸ್ಪತ್ರೆ, ಕಾರ್ಖಾನೆ, ಕಚೇರಿಗಳಲ್ಲಿ ಮೇಲಿನ ಹುದ್ದೆಯಲ್ಲಿದ್ದೀರಿ. ನಿಮ್ಮ ಕೈಕೆಳಗಿನವರು ದಿನವೂ ಬರೆದು ಕೊಡುವ ಅಂಕಿಗಳ ಅರ್ಥವನ್ನು ಅವರಿಗೆ ಎಂದಾದರೂ ವಿವರಿಸಿದ್ದೀರಾ? ನಾನು ತರಗತಿಯಲ್ಲಿ ಬಿಟ್ಟ ಪಾಠವನ್ನು ನೀವಾದರೂ ಪೂರ್ಣಗೊಳಿಸಿ.